ಬ್ರೇಕ್ ಹಾಕದ ಕಾಲು

ಬಂಕಿನವನು ಡೀಸೆಲ್ ಪೈಪನ್ನು ಕೊಕ್ಕೆಗೆ ಸಿಕ್ಕಿಸುವ ಮೊದಲೇ ಬೋರಣ್ಣ ಮೀಟರಿನ ಅಂಕಿ ಓದಿಬಿಟ್ಟ. ಓದಿದವನೇ ಹೆಗಲ ಮೇಲಿನ ಟವೆಲ್ ತೆಗೆದು ಕಾರಿನ ಬಾನೆಟ್ಟಿಗೆ ರಪ್ಪನೆ ಹೊಡೆದ.

“ಮೇಡಂ, ನಿನ್ನೆಗಿಂತ ಜಾಸ್ತಿ ಕುಡ್ದೈತೆ ಇದು.”

ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಸ್ವಪ್ನ ತಲೆ ಎತ್ತಲಿಲ್ಲ. “ಗೊತ್ತಾಯ್ತು ಬೋರಣ್ಣ,” ಎಂದಳು. ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು.

“ಬಂಕಿನಾಗೇ ಏನಾರ ಮೋಸ ಇರಬೌದಾ ಅಂತ.”

“ಏನಣ್ಣ ಮೋಸ?” ಬಂಕಿನವನು ತಿರುಗಿ ನಿಂತ. “ನಿನ್ನ ಕಾರು ಕುಡುಕ ಆದ್ರೆ ಅಂಗಡಿಯವನು ಏನು ಮಾಡ್ತಾನೆ?”

ಕಾರು ಹಳೆಯ ಬಿಳಿ ಅಂಬಾಸಿಡರ್. ಅದರ ಡೀಸೆಲ್ ಇಂಜಿನ್ ಹಾಗೇ ಬಿಟ್ಟು, ಜೊತೆಗೊಂದು ಕರೆಂಟಿನ ಮೋಟಾರು ಕೂರಿಸಿ, ಡಿಕ್ಕಿ ತುಂಬ ಬ್ಯಾಟರಿ ಜೋಡಿಸಿ, ಬೆಂಗಳೂರಿನ ಒಂದು ಸಣ್ಣ ಕಂಪನಿ ಚಳ್ಳಕೆರೆಗೆ ತಂದು ಬಿಟ್ಟಿತ್ತು. ಹೊಸ ಕಾರು ಕೊಳ್ಳಲಾಗದವರೂ ತಮ್ಮ ಹಳೇ ಗಾಡಿಗೆ ಈ ಕಿಟ್ ಹಾಕಿಸಿಕೊಂಡರೆ ಹೊಗೆ ಕಡಿಮೆಯಾಗುತ್ತದೆ, ಡೀಸೆಲ್ಲಿನಲ್ಲಿ ಕಾಲು ಭಾಗ ಉಳಿಯುತ್ತದೆ ಎಂಬುದು ಕಂಪನಿಯ ಮಾತು. ಸ್ವಪ್ನ ಆ ಕಂಪನಿಯ ಇಂಜಿನಿಯರು, ದಾವಣಗೆರೆ ಕಡೆಯವಳು. ಕುದಾಪುರದ ಹತ್ತಿರ ಕಾವಲಿನ ಹುಲ್ಲುಬಯಲಿನಲ್ಲಿ ಒಂದೊಂದಾಗಿ ಕಾಂಪೌಂಡ್ ಗೋಡೆಗಳು ಏಳುತ್ತಿದ್ದ ಕಾಲ ಅದು. ಅಲ್ಲಿಗೆ ಬರಲಿದ್ದ ಒಂದು ಕ್ಯಾಂಪಸ್ಸಿನವರು ತಮ್ಮ ಸಿಬ್ಬಂದಿಯ ಓಡಾಟಕ್ಕೆ ಹೊಗೆ ಕಡಿಮೆ ಉಗುಳುವ ಗಾಡಿ ಹುಡುಕುತ್ತಿದ್ದರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ದಿನಾ ಹೋಗಿ ಬಂದು ಕಿಟ್ ತನ್ನ ಮಾತು ಉಳಿಸಿಕೊಂಡರೆ ಅಂಥ ಮೂರು ಕಾರು. ಮೊದಲನೆಯದರ ಸ್ಟೇರಿಂಗ್ ಬೋರಣ್ಣನ ಕೈಗೆ, ಖಾಯಂ. ಉಳಿಸಿಕೊಳ್ಳದಿದ್ದರೆ ಕಾರು ಲಾರಿ ಹತ್ತಿ ಬೆಂಗಳೂರಿಗೆ ವಾಪಸ್ಸು.

ಬೋರಣ್ಣನಿಗೆ ಆ ಸ್ಟೇರಿಂಗ್ ಬೇಕಾಗಿತ್ತು. ವಯಸ್ಸು ಐವತ್ತು ದಾಟಿತ್ತು, ಅದರಲ್ಲಿ ಅರ್ಧವನ್ನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಟ್ಯಾಂಕರಿನಲ್ಲಿ ಕಳೆದಿದ್ದ. ಕಡಲೆಕಾಯಿ ಎಣ್ಣೆ ತುಂಬಿಕೊಂಡು ಹುಬ್ಬಳ್ಳಿ, ಮಂಗಳೂರು, ಸೇಲಂ ತನಕ ಹೋಗಿ ಬಂದವನು. ಪಾಮೆಣ್ಣೆ ಬಂದು ಊರಿನ ಮಿಲ್ಲುಗಳು ಬಾಗಿಲು ಹಾಕತೊಡಗಿದಾಗ ಅವನ ಮಿಲ್ಲೂ ಹಾಕಿತು, ಟ್ಯಾಂಕರು ಯಾರದೋ ಪಾಲಾಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಪಕ್ಕ ಆಕ್ಟಿಂಗ್ ಡ್ರೈವರುಗಳ ಜೊತೆ ಕೂರುವುದಾಯಿತು. ಯಾರದೋ ಮದುವೆಗೆ, ಇನ್ಯಾರದೋ ಆಸ್ಪತ್ರೆಗೆ, ಕರೆದವರ ಗಾಡಿ ಓಡಿಸಿ ಇಳಿಯುವುದು. ಹೊಟ್ಟೆಗೇನೂ ತೊಂದರೆ ಇರಲಿಲ್ಲ. ತಳಕಿನ ಹತ್ತಿರ ಒಂದಿಷ್ಟು ಹೊಲ ಇತ್ತು, ಹೆಂಡತಿ ಹುಚ್ಚಕ್ಕನ ಕುರಿಗಳಿದ್ದವು. ಆದರೆ ಬೆಳಿಗ್ಗೆ ಎದ್ದರೆ ತನ್ನದು ಅನ್ನುವ ಗಾಡಿ ಇಲ್ಲ. ಒಂದು ಗಾಡಿಯ ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಯಾವ ಏರಿನಲ್ಲಿ ಅದು ಕೆಮ್ಮುತ್ತದೆ ಎಂದು ತಿಳಿಯುವ ಹೊತ್ತಿಗೆ ಅದರ ಮಾಲೀಕ ಕೀ ಇಸಕೊಂಡು ಹೋಗಿಬಿಟ್ಟಿರುತ್ತಿದ್ದ. ಬೇರೆಯವರ ಹಾಸಿಗೆಯಲ್ಲಿ ಮಲಗಿದ ಹಾಗೆ, ನಿದ್ದೆ ಬಂದರೂ ಮೈ ಹಗುರಾಗುತ್ತಿರಲಿಲ್ಲ.

ಕಂಪನಿಯವರು ಡ್ರೈವರಿಗಾಗಿ ಊರಲ್ಲಿ ವಿಚಾರಿಸಿದಾಗ ಎಲ್ಲರೂ ಇವನ ಹೆಸರನ್ನೇ ಹೇಳಿದ್ದರು. ಒಂದು ಲೀಟರಿನಲ್ಲಿ ಬೋರಣ್ಣ ಓಡಿಸುವಷ್ಟು ದೂರವನ್ನು ಮತ್ತೊಬ್ಬ ಓಡಿಸಲಾರ ಎಂಬುದು ಬಂಕಿನವರಿಂದ ಹಿಡಿದು ಮಿಲ್ಲಿನ ಹಮಾಲಿಗಳವರೆಗೆ ಎಲ್ಲರಿಗೂ ಗೊತ್ತಿದ್ದ ವಿಷಯ. ಅದು ಸುಳ್ಳೂ ಅಲ್ಲ. ಮೊದಲು ಬ್ಯಾಟರಿಗಳನ್ನೆಲ್ಲ ಇಳಿಸಿ, ಬರೀ ಡೀಸೆಲ್ಲಿನಲ್ಲಿ ಓಡಿಸಿ ನೋಡಿದಾಗ ಲೀಟರಿಗೆ ಹದಿನಾರು ಕಿಲೋಮೀಟರ್ ಬಂತು. ಆ ಕಾರಿಗೆ ಅಷ್ಟು ಬರುವುದೇ ಇಲ್ಲವೆಂದು ಸ್ವಪ್ನ ಮತ್ತೊಮ್ಮೆ ಟ್ಯಾಂಕ್ ತುಂಬಿಸಿ ನೋಡಿದ್ದಳು. ಕಿಟ್ ಹಾಕಿದ ಮೇಲೆ ಅದು ಇಪ್ಪತ್ತು ದಾಟಬೇಕಿತ್ತು. ಬಂದದ್ದು ಹದಿನಾಲ್ಕು. ಉಳಿಸಬೇಕಾದ ಕಿಟ್ಟು ಇದ್ದುದನ್ನೂ ತಿನ್ನುತ್ತಿತ್ತು.

“ನಾನು ಏನಾರ ಬದಲಾಯಿಸಬೇಕಾ ಮೇಡಂ?” ಎಂದು ಬೋರಣ್ಣ ಮೊದಲ ದಿನವೇ ಕೇಳಿದ್ದ.

“ಏನೂ ಬೇಡ. ನೀವು ಯಾವಾಗಲೂ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ. ಕಿಟ್ ಇದೆ ಅನ್ನೋದನ್ನೇ ಮರೆತುಬಿಡಿ,” ಎಂದಿದ್ದಳು ಸ್ವಪ್ನ. ಅದು ಕಂಪನಿಯ ನಿಯಮ. ಡ್ರೈವರಿಗೆ ಕಿಟ್ಟಿನ ಗುಟ್ಟು ಹೇಳಿದರೆ ಅವನು ಬೇಕೆಂದೇ ಅದಕ್ಕೆ ಹೊಂದುವಂತೆ ಓಡಿಸುತ್ತಾನೆ, ಪರೀಕ್ಷೆ ಕೆಡುತ್ತದೆ.

ಹೇಗೆ ಓಡಿಸುತ್ತಿದ್ದನೋ ಹಾಗೇ ಓಡಿಸಿದ. ಅಂಕಿ ಕೆಳಗಿಳಿದಾಗ ಇನ್ನಷ್ಟು ಹುಷಾರಾಗಿ ಓಡಿಸಿದ. ಆಕ್ಸಿಲೇಟರ್ ಮೇಲೆ ಪಾದ ಇಟ್ಟರೆ ಮೊಟ್ಟೆಯ ಮೇಲೆ ಇಟ್ಟ ಹಾಗೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಿದ. ಬೆಳಗಿನ ತಂಪಿನಲ್ಲಿ ಹೊರಟ. ಗಾಳಿ ಎದುರಿಗಿದ್ದರೆ ಕಿಟಕಿ ಏರಿಸಿ ಬೆವರಿದ. ಅವನು ಹುಷಾರಾದಷ್ಟೂ ಅಂಕಿ ಕೆಟ್ಟಿತು.

ಸ್ವಪ್ನ ವೈರುಗಳನ್ನು ಬಿಚ್ಚಿ ಹಾಕಿದಳು. ಮೋಟಾರನ್ನು ಬಿಚ್ಚಿ ಹಾಕಿದಳು. ಕಾರು ನಿಂತಾಗ ಎಲ್ಲವೂ ಸರಿ ಇರುತ್ತಿತ್ತು. ಓಡತೊಡಗಿದರೆ ಬ್ಯಾಟರಿ ಖಾಲಿಯಾಗುತ್ತಿತ್ತು, ತುಂಬುತ್ತಿರಲಿಲ್ಲ. ಬೆಂಗಳೂರಿನಿಂದ ಅವಳ ಮ್ಯಾನೇಜರ್ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಅವಳು ಕಾರಿನಿಂದ ದೂರ ನಡೆದು, ಕಾರು ನಿಲ್ಲಿಸಲು ಕಂಪನಿ ಬಾಡಿಗೆಗೆ ಹಿಡಿದಿದ್ದ ಹಳೇ ಎಣ್ಣೆ ಮಿಲ್ಲಿನ ಹಿಂದಿದ್ದ ಕಡಲೆಸಿಪ್ಪೆಯ ಗುಡ್ಡೆಯ ಹತ್ತಿರ ನಿಂತು ಮಾತಾಡಿ ಬರುತ್ತಿದ್ದಳು. ಬರುವಾಗ ಮುಖ ಕೆಂಪಗಿರುತ್ತಿತ್ತು.

ತಳಕಿನಲ್ಲಿ ಟೀ ಅಂಗಡಿಯ ಗಾದ್ರಪ್ಪ ಬೋರಣ್ಣನ ಹಳೇ ಗೆಳೆಯ. ಬಿಳಿ ಕಾರು ಬಂದು ನಿಂತರೆ ಸಾಕು, ಅವನಿಗೆ ಹಬ್ಬ.

“ಏನ್ಲೇ ಬೋರ, ಏನಂತೈತೆ ನಿನ್ನ ಹೈಬ್ರೀಡು?”

“ಸುಮ್ಕೆ ಟೀ ಕೊಡಲೇ.”

“ನಾನು ಹೈಬ್ರೀಡ್ ಜೋಳ ಹಾಕಿ ನೋಡೀನಿ, ಹೈಬ್ರೀಡ್ ಹತ್ತಿ ಹಾಕಿ ನೋಡೀನಿ. ಗೊಬ್ಬರ ಜಾಸ್ತಿ ತಿಂತಾವೆ, ನೀರು ಜಾಸ್ತಿ ಕುಡೀತಾವೆ. ಕಾರು ಬ್ಯಾರೆ ಆಗ್ತೈತಾ?”

ಪಕ್ಕದಲ್ಲಿದ್ದವರು ನಕ್ಕರು. ಸ್ವಪ್ನಳೂ ನಕ್ಕಳು, ಆದರೆ ಟೀ ಅರ್ಧಕ್ಕೆ ಬಿಟ್ಟು ಎದ್ದಳು. ಬೋರಣ್ಣ ನಗಲಿಲ್ಲ. ಕಾರನ್ನು ಬೈದರೆ ತನ್ನನ್ನೇ ಬೈದ ಹಾಗೆ ಅವನಿಗೆ ಆಗಲೇ ಅನ್ನಿಸತೊಡಗಿತ್ತು.

ಮನೆಗೆ ಹೋದರೆ ಹುಚ್ಚಕ್ಕ ಕುರಿಗಳಿಗೆ ನೀರಿಡುತ್ತಾ ತೆಲುಗಿನಲ್ಲಿ ಕೇಳುತ್ತಿದ್ದಳು, “ಏಮಾಯೆ?” ಏನಾಯಿತು ಅಂತ. ಅವರ ಮನೆಯೊಳಗಿನ ಮಾತು ತೆಲುಗು, ಹೊರಗಿನದು ಕನ್ನಡ.

“ಏನೂ ಆಗಲಿಲ್ಲ.”

“ಆ ಹುಡುಗಿ ಏನಂತಾಳೆ?”

“ಅವಳೇನಂತಾಳೆ ಪಾಪ. ಅವಳಿಗೇ ಗೊತ್ತಾಗ್ತಿಲ್ಲ.”

ಒಂದು ರಾತ್ರಿ ಮುದ್ದೆ ಬಡಿಸುತ್ತಾ ಇನ್ನೊಂದು ಕೇಳಿದಳು, “ನೀನು ಸರಿಯಾಗಿ ಓಡಿಸ್ತಾ ಇದೀಯಾ?”

ಈ ಪ್ರಶ್ನೆಯನ್ನು ಅವನಿಗೆ ಯಾರೂ ಎಂದೂ ಕೇಳಿರಲಿಲ್ಲ. ಉಣ್ಣುತ್ತಿದ್ದ ತಟ್ಟೆ ತಳ್ಳಿ ಎದ್ದ. ಹುಚ್ಚಕ್ಕ ಅದನ್ನು ಮತ್ತೆ ಅವನ ಮುಂದೆ ಎಳೆದಿಟ್ಟು, “ಸಿಟ್ಟು ಕಾರಿನ ಮ್ಯಾಲೆ ತೋರ್ಸು, ಮುದ್ದೆ ಮ್ಯಾಲಲ್ಲ,” ಎಂದಳು.

ಗುಟ್ಟು ಬಿಚ್ಚಿಕೊಂಡದ್ದು ಕರೆಂಟು ಹೋದದ್ದರಿಂದ. ಚಳ್ಳಕೆರೆಯಲ್ಲಿ ಹಿಂದಿನ ದಿನದಿಂದ ಕರೆಂಟಿರಲಿಲ್ಲ, ಸ್ವಪ್ನಳ ಲ್ಯಾಪ್‌ಟಾಪ್ ಚಾರ್ಜಾಗಿರಲಿಲ್ಲ. ಹಿಂದೆ ಕೂತು ಮಾಡುವ ಕೆಲಸವಿಲ್ಲದೆ ಅವತ್ತು ಮೊದಲ ಬಾರಿಗೆ ಮುಂದಿನ ಸೀಟಿನಲ್ಲಿ ಕೂತಳು.

ಹಿರೇಹಳ್ಳಿ ದಾಟಿದ ಮೇಲೆ ದೂರದಲ್ಲಿ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಅಲ್ಲಿಂದ ನೋಡಿದರೆ ಬಿಸಿಲಿನಲ್ಲಿ ಕಂಬಳಿ ಹರವಿದ ಹಾಗಿತ್ತು. ಬೋರಣ್ಣ ಆಕ್ಸಿಲೇಟರಿನಿಂದ ಕಾಲು ತೆಗೆದ, ಗೇರನ್ನು ನ್ಯೂಟ್ರಲ್ಲಿಗೆ ತಂದ, ಕಾಲನ್ನು ಪಕ್ಕಕ್ಕೆ ಇಟ್ಟುಕೊಂಡ. ಕಾರು ತನ್ನಷ್ಟಕ್ಕೆ ತಾನು ಉರುಳುತ್ತಾ, ನಿಧಾನವಾಗುತ್ತಾ ಹೋಯಿತು. ಅದು ಮಂದೆಯ ಹತ್ತಿರ ಬರುವುದಕ್ಕೂ ಕೊನೆಯ ಕುರಿ ರಸ್ತೆಯಿಂದ ಇಳಿಯುವುದಕ್ಕೂ ಸರಿಹೋಯಿತು. ಕುರಿ ಕಾಯುವವನು ತಿರುಗಿ ಕೂಡ ನೋಡಲಿಲ್ಲ. ಬೋರಣ್ಣ ಮತ್ತೆ ಗೇರ್ ಹಾಕಿ ಹೊರಟ.

ಸ್ವಪ್ನ ಅವನ ಕಾಲನ್ನೇ ನೋಡಿದಳು. ಬಿ.ಜಿ. ಕೆರೆಯ ಹತ್ತಿರ ಎತ್ತಿನ ಗಾಡಿ ಅಡ್ಡ ಬಂತು, ಹಾನಗಲ್ಲಿನ ಹತ್ತಿರ ತಿರುವು ಬಂತು, ಮೊಳಕಾಲ್ಮೂರಿನ ದಾರಿಯಲ್ಲಿ ಇಳಿಜಾರು ಬಂತು. ಆ ಕಾಲು ಬ್ರೇಕಿನ ಮೇಲೆ ಬರಲೇ ಇಲ್ಲ. ಊರೊಳಗೆ ಸೀರೆ ಅಂಗಡಿಗಳ ಮುಂದೆ ಕಾರು ನಿಲ್ಲಿಸುವಾಗ ಮಾತ್ರ, ಮಗುವಿನ ಕೆನ್ನೆ ಮುಟ್ಟಿದ ಹಾಗೆ, ಒಮ್ಮೆ ಮೆಲ್ಲಗೆ ಮುಟ್ಟಿತು.

“ಬೋರಣ್ಣ, ನೀವು ಬ್ರೇಕ್ ಹಾಕೋದೇ ಇಲ್ವಾ?”

ಬೋರಣ್ಣ ಅದನ್ನು ಹೊಗಳಿಕೆ ಅಂದುಕೊಂಡ. “ಯಾಕೆ ಹಾಕ್ಬೇಕು ಮೇಡಂ? ರಸ್ತೆ ಕಾಣ್ತೈತಲ್ಲ.”

“ಯಾವಾಗಲೂ ಹೀಗೇನಾ?”

“ಟ್ಯಾಂಕರು ಕಲಿಸಿದ್ದು. ಅರ್ಧ ಟ್ಯಾಂಕ್ ಎಣ್ಣೆ ಇಟ್ಕಂಡು ಬ್ರೇಕ್ ತುಳಿದು ನೋಡ್ರಿ. ಗಾಡಿ ನಿಲ್ತೈತೆ, ಎಣ್ಣೆ ನಿಲ್ಲಲ್ಲ. ಹಿಂದಿನಿಂದ ಬಂದು ಬೆನ್ನಿಗೆ ಗುದ್ದುತೈತೆ. ಒಂದ್ಸಲ ಗುದ್ದಿಸ್ಕಂಡೋನು ಆಮ್ಯಾಲೆ ತುಳಿಯಲ್ಲ. ನಮ್ಮ ಮಿಲ್ಲಿನಾಗೆ ನಂದೊಂದು ಗಾಡಿಗೆ ಬ್ರೇಕ್ ಲೈನರ್ ಬದಲಾಯಿಸಿದ್ದೇ ಯಾರಿಗೂ ನೆಪ್ಪಿಲ್ಲ.”

ಸ್ವಪ್ನ ಡ್ಯಾಶ್‌ಬೋರ್ಡಿನ ಮೇಲೆ ಹಣೆ ಇಟ್ಟಳು. ಅಳುತ್ತಿದ್ದಾಳೋ ಏನೋ ಎಂದು ಬೋರಣ್ಣ ಗಾಬರಿಯಾದ. ಅವಳು ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿ, ಕಂಪನಿಯ ನಿಯಮವನ್ನು ಪಕ್ಕಕ್ಕಿಟ್ಟು ಎಲ್ಲ ಹೇಳಿದಳು. ಈ ಬ್ಯಾಟರಿಗೆ ಹೊರಗಿನಿಂದ ಕರೆಂಟು ಕೊಡುವುದಿಲ್ಲ. ಡ್ರೈವರ್ ಬ್ರೇಕ್ ತುಳಿದಾಗ ಗಾಡಿಯ ಓಟವೆಲ್ಲ ಬರೀ ಬಿಸಿಯಾಗಿ ಹಾಳಾಗುತ್ತದಲ್ಲ, ಅದರಲ್ಲಿ ಒಂದಷ್ಟನ್ನು ಮೋಟಾರು ಹಿಡಿದು ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಗಾಡಿ ಮತ್ತೆ ಎದ್ದು ಹೊರಡುವಾಗ ಅದೇ ಕರೆಂಟು ಹಿಂದಿನಿಂದ ತಳ್ಳುತ್ತದೆ. ಅಷ್ಟೇ ಕಿಟ್ಟಿನ ಗುಟ್ಟು.

ಬೋರಣ್ಣ ಬಗ್ಗಿ ಬ್ರೇಕ್ ಪೆಡಲನ್ನು ನೋಡಿದ.

“ಅಂದ್ರೆ ಬ್ರೇಕ್ ತುಳಿದ್ರೇನೇ ಅದಕ್ಕೆ ಊಟ.”

“ಹೂಂ.”

“ನಾನು ಇಷ್ಟು ದಿನ ಅದನ್ನ ಉಪವಾಸ ಕೆಡವಿ, ಅದರ ಬ್ಯಾಟರಿ ಭಾರಾನೂ ಹೊರಿಸಿ ಓಡಿಸೀನಿ.”

“ಹೂಂ.”

“ಮೊದ್ಲೇ ಹೇಳ್ಬಾರದಿತ್ತಾ ತಾಯಿ?” ಈಗ ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತು. “ಬರಿಗಾಲಾಗೆ ಓಡಿಸ್ದೆ! ಕಿಟಕಿ ಮುಚ್ಕಂಡು ಬೆಂದೋದೆ!”

“ಬ್ರೇಕ್ ಹಾಕದೇ ಗಾಡಿ ಓಡಿಸೋರು ಇರ್ತಾರೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ ಬೋರಣ್ಣ,” ಎಂದಳು ಸ್ವಪ್ನ.

ಮರುದಿನದಿಂದ ಬೋರಣ್ಣ ಬ್ರೇಕ್ ಹಾಕುವುದನ್ನು ಕಲಿಯತೊಡಗಿದ. ಸ್ವಪ್ನ ಪಕ್ಕದಲ್ಲಿ ಕೂತು ಕಂಡಕ್ಟರನ ಹಾಗೆ ಕೂಗುವುದು: “ಈಗ!” ಇವನು ತುಳಿಯುವುದು. ಮೊದಲ ದಿನ ಒಂದು ಮಂದೆಯ ಹತ್ತಿರದ ತನಕ ಹೋಗಿ ತುಳಿದ. ಕಾರು ಕಿರ್ರೆಂದು ನಿಂತಿತು, ಕುರಿಗಳು ಚೆಲ್ಲಾಪಿಲ್ಲಿಯಾದವು, ಮಂದೆಯವನು ಕೋಲೆತ್ತಿಕೊಂಡು ಬಂದ. “ಏಮಯ್ಯಾ, ಕಳ್ಳು ಕನಪಡವಾ?” ಕಣ್ಣು ಕಾಣಿಸಲ್ಲವಾ ಅಂತ. ಹತ್ತಿರ ಬಂದು ನೋಡಿದರೆ ಗುರುತಿನವನು. “ಅಯ್ಯೋ, ಬೋರಣ್ಣನಾ? ಕುಡಿದಿದೀಯಾ?” ಎಂದು ಕನ್ನಡಕ್ಕೆ ತಿರುಗಿದ. ಬೋರಣ್ಣ ಗೇರ್ ಹಾಕಿ ಹೊರಟ. ಮೊಳಕಾಲ್ಮೂರಿನ ತನಕ ಕಿವಿ ಬಿಸಿಯಾಗಿಯೇ ಇತ್ತು.

ಹಾಗೆ ಹತ್ತಿರ ಹೋಗಿ ತುಳಿಯಬೇಕಿಲ್ಲ, ದೂರದಿಂದಲೇ ಹದವಾಗಿ ಒತ್ತುತ್ತಾ ಬಂದರೆ ಸಾಕು ಎಂದಳು ಸ್ವಪ್ನ. ಹೇಳುವುದು ಸುಲಭ. ಅವನ ಕೈ ತಾನಾಗಿ ನ್ಯೂಟ್ರಲ್ಲಿಗೆ ಹೋಗುತ್ತಿತ್ತು, ಕಾಲು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ನೆನಪು ಮಾಡಿಕೊಂಡು ಬ್ರೇಕ್ ಒತ್ತುವ ಹೊತ್ತಿಗೆ ಗಾಡಿಯಲ್ಲಿ ಓಟವೇ ಉಳಿದಿರುತ್ತಿರಲಿಲ್ಲ. ಸ್ವಪ್ನ ಬ್ರೇಕಿನ ಕೆಲಸ ಬಿಟ್ಟು, ಆಕ್ಸಿಲೇಟರ್ ಬಿಟ್ಟರೆ ಸಾಕು ಮೋಟಾರು ಕರೆಂಟು ತುಂಬಿಕೊಳ್ಳುವ ಹಾಗೆ ಮಾಡಿ ನೋಡಿದಳು. ಕಾರನ್ನು ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದ ಹಾಗಾಯಿತು. ಅದನ್ನು ಸಹಿಸಲಾರದೆ ಅವನ ಕೈ ಇನ್ನೂ ಬೇಗ ನ್ಯೂಟ್ರಲ್ಲಿಗೆ ಹೋಯಿತು, ಮೋಟಾರಿಗೂ ಚಕ್ರಕ್ಕೂ ಸಂಬಂಧ ತಪ್ಪಿತು.

“ಕೈ ಕಟ್ಟಿಹಾಕಿ ಓಡಿಸ್ಲಾ?” ಎಂದು ಬೋರಣ್ಣ ರೇಗಿದ.

“ನನ್ನ ಮೇಲೆ ಯಾಕೆ ರೇಗ್ತೀರಿ? ಅದೊಂದು ಅಭ್ಯಾಸ, ಬಿಟ್ಟರೆ ಬಿಡ್ತದೆ.”

“ನೀವು ಊಟ ಮಾಡೋವಾಗ ತುತ್ತು ಬಾಯಿಗೆ ಹೋಗ್ತೈತಲ್ಲ, ನಾಳೆಯಿಂದ ಕಿವಿಗೆ ಹಾಕ್ಕಳ್ರಿ. ಅಭ್ಯಾಸ ಆಗ್ತೈತೆ.”

ಕಾರು ಒಂದು ಮೈಲಿ ಓಡಿತು. ಆಮೇಲೆ ಬೋರಣ್ಣನೇ ಬಾಯಿಬಿಟ್ಟ. “ತಪ್ಪು ತಿಳೀಬ್ಯಾಡ ತಾಯಿ. ನನಗೆ ಒಂದು ಅರ್ಥ ಆಗಲ್ಲ. ಡೀಸೆಲ್ ಸುಟ್ಟು ಓಟ ಏರ್ಸೋದು, ಆಮ್ಯಾಲೆ ಬ್ರೇಕ್ ತುಳಿದು ಅದನ್ನ ಇಳ್ಸೋದು, ಇಳ್ಸಿದ್ರಾಗೆ ಅರ್ಧ ಹಿಡಿದು ಮತ್ತೆ ಏರ್ಸೋದು. ಮೊದ್ಲೇ ಏರ್ಸದಿದ್ರೆ?”

ಸ್ವಪ್ನಳ ಬಳಿ ಅದಕ್ಕೆ ಉತ್ತರ ಇತ್ತು, ಆದರೆ ಅವನಿಗೆ ಕೊಡುವಂಥ ಉತ್ತರ ಅದಾಗಿರಲಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಏರಿಸದೆ ವಿಧಿಯಿಲ್ಲ, ತುಳಿಯದೆ ವಿಧಿಯಿಲ್ಲ. ಅಲ್ಲಿ ಓಡುವ ಲಕ್ಷಾಂತರ ಗಾಡಿಗಳಿಗಾಗಿ ಅವಳು ಇದನ್ನು ಮಾಡಿದ್ದಳು. ಅದನ್ನು ತಂದು, ಕಣ್ಣಿಗೆ ಕಾಣುವಷ್ಟು ದೂರ ಖಾಲಿ ರಸ್ತೆ ಇರುವ ಊರಿನಲ್ಲಿ, ಎಣ್ಣೆ ಟ್ಯಾಂಕರಿನವನ ಕೈಗೆ ಕೊಟ್ಟಿದ್ದರು.

ಎಷ್ಟು ಕಷ್ಟಪಟ್ಟರೂ ಅಂಕಿ ಹದಿನಾಲ್ಕರಿಂದ ಹದಿನಾರಕ್ಕೆ ಬಂದು ನಿಂತಿತು. ಕಿಟ್ ತಾನು ಹೊರಿಸಿದ ಭಾರದ ಲೆಕ್ಕ ತೀರಿಸುತ್ತಿತ್ತು, ಅದಕ್ಕಿಂತ ಮೇಲೆ ಏಳಲಿಲ್ಲ. ಮ್ಯಾನೇಜರ್ ಫೋನಿನಲ್ಲಿ ಒಂದೇ ಮಾತು ಹೇಳಿದ: ಡ್ರೈವರನ್ನು ಬದಲಾಯಿಸಿ ನೋಡು.

ಹಾಗೆ ಲೋಹಿತ ಬಂದ. ಚಳ್ಳಕೆರೆ, ಮೊಳಕಾಲ್ಮೂರು ನಡುವೆ ಟೆಂಪೋ ಓಡಿಸುತ್ತಿದ್ದ ಮೂವತ್ತರ ಗಟ್ಟಿಯಾಳು. ದಾರಿಯಲ್ಲಿ ಯಾರು ಕೈ ಎತ್ತಿದರೂ ಅವರ ಕಾಲ ಮುಂದೆ ಗಾಡಿ ನಿಲ್ಲಿಸಬೇಕು, ಹತ್ತಿದ ಕೂಡಲೇ ಹಿಂದಿನ ಟೆಂಪೋ ಮುಂದೆ ಹೋಗದ ಹಾಗೆ ಹಾರಿಸಬೇಕು. ಅವನಿಗೆ ತಿಳಿದಿದ್ದ ಡ್ರೈವಿಂಗ್ ಅದೇ. ಕಿಟ್ ಇಲ್ಲದೆ ಅದೇ ಕಾರನ್ನು ಓಡಿಸಿದಾಗ ಲೀಟರಿಗೆ ಹತ್ತು ಬಂತು. ಕಿಟ್ ಹಾಕಿದಾಗ ಹದಿನಾಲ್ಕು.

ಫೋನಿನಲ್ಲಿ ಮ್ಯಾನೇಜರ್ ಕೂಗಿದ್ದು ಪಕ್ಕದಲ್ಲಿ ನಿಂತಿದ್ದ ಬೋರಣ್ಣನಿಗೂ ಕೇಳಿಸಿತು. ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ!

ಫೋನ್ ಇಟ್ಟ ಮೇಲೆ ಸ್ವಪ್ನ ಬೋರಣ್ಣನ ಕಡೆ ನೋಡಲಿಲ್ಲ. ಲೋಹಿತನೇ ಕೇಳಿದ. “ಅಣ್ಣಾ, ಎಲ್ರೂ ಯಾಕೆ ಕುಣೀತಾವ್ರೆ? ನಿಂದು ಹದಿನಾರು, ನಂದು ಹದಿನಾಲ್ಕಲ್ವಾ?”

“ನಿಂದು ಹತ್ತರಿಂದ ಹದಿನಾಲ್ಕಾಯ್ತು,” ಎಂದ ಬೋರಣ್ಣ. “ನಂದು ಹದಿನಾರರಿಂದ ಹದಿನಾರಾಯ್ತು.”

“ಆದ್ರೂ ನಿಂದೇ ಜಾಸ್ತಿ ಅಲ್ವಾ?”

“ಹೌದು,” ಎಂದಳು ಸ್ವಪ್ನ. “ನಾನೂ ಆಗಿನಿಂದ ಅದನ್ನೇ ಯೋಚಿಸ್ತಾ ಇದೀನಿ ಲೋಹಿತ. ಕಿಟ್ ಚೆನ್ನಾಗಿ ಕೆಲಸ ಮಾಡ್ತಾ ಇದೆ, ಅದರಲ್ಲಿ ಸುಳ್ಳಿಲ್ಲ. ಹಾಳಾಗೋದನ್ನ ಹಿಡೀತದೆ. ಬೋರಣ್ಣನ ಹತ್ರ ಹಾಳಾಗೋದೇ ಇಲ್ಲ, ಅದೇನು ಹಿಡೀತದೆ?” ಲ್ಯಾಪ್‌ಟಾಪನ್ನು ಜೋರಾಗಿ ಮುಚ್ಚಿದಳು. “ಎಲ್ಲರೂ ಇವರ ಹಾಗೆ ಓಡಿಸಿದ್ರೆ ನಾನು ಬೇರೆ ಕೆಲಸ ನೋಡಿಕೊಳ್ತಿದ್ದೆ.”

ಹೊಗಳಿದಳೋ ಬೈದಳೋ ಬೋರಣ್ಣನಿಗೆ ತಿಳಿಯಲಿಲ್ಲ. ಅವನಿಗೆ ತಿಳಿದದ್ದು ಒಂದೇ: ಮೂರು ಕಾರು ಬರುತ್ತವೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬರುತ್ತವೆ, ತನ್ನ ಕೈಗೆ ಬರುವುದಿಲ್ಲ.

ಸ್ವಪ್ನ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. ಕಂಪನಿಯ ಡೈರೆಕ್ಟರು, ಕ್ಯಾಂಪಸ್ಸಿನ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ತಾವೇ ಬಂದು ಕಾರಿನಲ್ಲಿ ಓಡಾಡಿ ನೋಡುವವರಿದ್ದರು. ಆವತ್ತು ಬೋರಣ್ಣನೇ ಓಡಿಸಲಿ ಎಂದು ಮ್ಯಾನೇಜರ್ ಹತ್ತಿರ ಜಗಳವಾಡಿ ಒಪ್ಪಿಸಿದಳು. “ಒಂದೇ ದಿನ ಬೋರಣ್ಣ. ನಾನು ಪಕ್ಕದಲ್ಲೇ ಇರ್ತೀನಿ. ನಾನು ಅಂದಾಗ ಒತ್ತಿ. ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ತೋರಿಸೋ ಹಸಿರು ಗೆರೆ ಮೇಲೆ ಏರಿದ್ರೆ ಸಾಕು, ಅವರು ಅದನ್ನೇ ನೋಡೋದು. ಕೆಲಸ ಖಾಯಂ ಆದ ಮೇಲೆ ನಿಧಾನಕ್ಕೆ ರೂಢಿ ಮಾಡ್ಕೊಳ್ಳಿ.”

ಆ ದಿನ ಬೋರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಹಿಂದೆ ಇಬ್ಬರು ದೊಡ್ಡವರು ಕೂತರು. ಚಳ್ಳಕೆರೆ ದಾಟುವವರೆಗೆ ಆಟೋ, ಸೈಕಲ್, ಎಮ್ಮೆ ಎಲ್ಲ ಅಡ್ಡ ಬಂದವು. ಅವನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಹಸಿರು ಗೆರೆ ಏರಿತು. “ನೋಡಿ ಸರ್, ಚಾರ್ಜ್ ಆಗ್ತಿದೆ,” ಎಂದಳು ಸ್ವಪ್ನ. ಹಿಂದಿನಿಂದ ಮೆಚ್ಚಿಗೆಯ ದನಿ ಬಂತು. ತಳಕಿನ ತನಕ ಎಲ್ಲ ಅವಳು ಹೇಳಿದ ಹಾಗೇ ನಡೆಯಿತು. ಗಾದ್ರಪ್ಪನ ಅಂಗಡಿಯ ಮುಂದೆ ಕಾರಣವೇ ಇಲ್ಲದೆ ನಿಧಾನ ಮಾಡಿ ಹೊರಟಾಗ ಗಾದ್ರಪ್ಪ ಟೀ ಸೋಸುವುದು ಬಿಟ್ಟು ಬಾಯಿ ತೆರೆದು ನೋಡಿದ.

ತಳಕು ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಎರಡೂ ಕಡೆ ಕಡಲೆಕಾಯಿ ಹೊಲ, ಆಚೆ ಒಣ ಹುಲ್ಲು, ರಸ್ತೆ ನೇರಕ್ಕೆ ನೇರ. ಮುಂದೆ ಬಹಳ ದೂರದಲ್ಲಿ ಒಂದು ಟ್ರಾಕ್ಟರು ರಸ್ತೆಗೆ ಹತ್ತಿ, ಅಡ್ಡಲಾಗಿ ತಿರುಗುತ್ತಿತ್ತು. ಅದು ತಿರುಗಿ ಪಕ್ಕಕ್ಕೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು, ಈ ಕಾರು ಉರುಳಿಕೊಂಡು ಅಲ್ಲಿಗೆ ಮುಟ್ಟುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಬೋರಣ್ಣ ಲೆಕ್ಕ ಹಾಕಲಿಲ್ಲ. ಕಣ್ಣು ನೋಡಿತು, ಕಾಲಿಗೆ ತಿಳಿಯಿತು.

“ಈಗ,” ಎಂದಳು ಸ್ವಪ್ನ ಮೆಲ್ಲಗೆ.

ಕೇಳಿಸಿತು. ಕೇಳಿಸಲಿಲ್ಲ ಎಂದು ಅವನು ಆಮೇಲೂ ಯಾರಿಗೂ ಹೇಳಲಿಲ್ಲ. ಬ್ರೇಕ್ ಅವನ ಕಾಲ ಕೆಳಗೇ ಇತ್ತು. ಆದರೆ ಒತ್ತಲು ಒಂದು ಕಾರಣ ಬೇಕಲ್ಲ? ಹಸುವಿಲ್ಲ, ಮಗುವಿಲ್ಲ, ತಿರುವಿಲ್ಲ. ಬಯಲಿನ ನಡುವೆ, ಹಿಂದೆ ಇಬ್ಬರು ನೆಮ್ಮದಿಯಾಗಿ ಕೂತಿರುವಾಗ, ಒಂದು ಹಸಿರು ಗೆರೆಗಾಗಿ ಗಾಡಿಯ ಕುತ್ತಿಗೆ ಹಿಡಿಯುವುದು ಅವನಿಂದಾಗಲಿಲ್ಲ. ಗೇರ್ ನ್ಯೂಟ್ರಲ್ಲಿಗೆ ಬಂತು. ಕಾರು ತೇಲಿಕೊಂಡು ಹೋಯಿತು.

“ಬೋರಣ್ಣ, ಈಗ!”

ಟ್ರಾಕ್ಟರು ಪಕ್ಕಕ್ಕೆ ಸರಿಯಿತು. ಕಾರು ಅದರ ಬದಿಯಿಂದ ಎಲೆ ಹಾದುಹೋದ ಹಾಗೆ ಹಾದುಹೋಯಿತು. ಅಲ್ಲಿಂದ ಮೊಳಕಾಲ್ಮೂರಿನ ತನಕ ಸ್ವಪ್ನ ಕಿಟಕಿಯ ಕಡೆ ತಿರುಗಿ ಕೂತಳು. ಹಸಿರು ಗೆರೆ ಇಳಿದು, ಇಳಿದು, ತಳ ಮುಟ್ಟಿತು. ಕ್ಯಾಂಪಸ್ಸಿನ ಅಧಿಕಾರಿಗೆ ನಿದ್ದೆ ಹತ್ತಿತ್ತು.

ಮೊಳಕಾಲ್ಮೂರಿನಲ್ಲಿ ಇಳಿದಾಗ ಆ ಅಧಿಕಾರಿ ಮೈ ಮುರಿಯುತ್ತಾ, “ಎಂಥ ಡ್ರೈವಿಂಗ್ ಮಾರಾಯ! ಮನೆಯಲ್ಲಿ ಮಲಗಿದ ಹಾಗಾಯ್ತು,” ಎಂದು ಬೋರಣ್ಣನ ಬೆನ್ನು ತಟ್ಟಿದ. ಡೈರೆಕ್ಟರು ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದರು. ಒಳ್ಳೆಯ ಮನುಷ್ಯರೇ ಅವರು, ದನಿ ಏರಿಸಲಿಲ್ಲ. ಸ್ವಪ್ನಳನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಬೋರಣ್ಣ ಟೈರು ನೋಡುವ ನೆಪದಲ್ಲಿ ಹತ್ತಿರದಲ್ಲೇ ಇದ್ದ.

“ನೋಡಮ್ಮ, ಈತ ಬಹಳ ಒಳ್ಳೆ ಡ್ರೈವರ್. ಆದರೆ ನಮ್ಮ ಕಾರಿಗೆ ಬೇಡ. ಆ ಟೆಂಪೋದವನನ್ನೇ ಹಾಕು.”

“ಸರ್, ಇವರನ್ನ ಮೂರನೇ ಕಾರಿಗಾದರೂ ತಗೊಳ್ಳೋಣ. ಬೇಡಾಂದ್ರೆ ಕಿಟ್ ಇಲ್ಲದ ಮಾಮೂಲಿ ಕಾರು ಒಂದು ಇರ್ತದಲ್ಲ, ಹೋಲಿಸಿ ನೋಡೋದಕ್ಕೆ. ಅದನ್ನ ಓಡಿಸಲಿ.”

ಡೈರೆಕ್ಟರು ನಕ್ಕರು. “ಅದಂತೂ ಬೇಡವೇ ಬೇಡ. ಈತ ಮಾಮೂಲಿ ಕಾರು ಓಡಿಸಿದ್ರೆ ನಮ್ಮ ಕಿಟ್ ಯಾರು ಕೊಂಡ್ಕೊಳ್ತಾರೆ?”

ಬೋರಣ್ಣ ಟೈರಿನ ಹತ್ತಿರದಿಂದ ಎದ್ದು ನಿಂತ. ಬೈದು ಕಳಿಸಿದ್ದರೆ ತಿರುಗಿ ಬೈಯಬಹುದಿತ್ತು.

ವಾಪಸ್ಸು ಬರುವಾಗಲೂ ಅವನೇ ಓಡಿಸಿದ, ಬ್ರೇಕ್ ಮುಟ್ಟಲಿಲ್ಲ. ಸಂಜೆ ಕಾರನ್ನು ಮಿಲ್ಲಿನ ಶೆಡ್ಡಿನಲ್ಲಿ ನಿಲ್ಲಿಸಿ ಕೀ ಕೊಡುವಾಗ ಸ್ವಪ್ನ ಕೇಳಿದಳು, “ಯಾಕೆ ಹಂಗೆ ಮಾಡಿದ್ರಿ ಬೋರಣ್ಣ? ಒಂದೇ ಒಂದು ದಿನ.” ಅವಳ ಕಣ್ಣು ತುಂಬಿತ್ತು. ಅದು ಸಿಟ್ಟಿನದೇ ಇರಬೇಕು.

“ಬೇಕಾಗಿರ್ಲಿಲ್ಲ ತಾಯಿ,” ಎಂದ. “ಅಲ್ಲಿ ಬ್ರೇಕ್ ಬೇಕಾಗಿರ್ಲಿಲ್ಲ.”

ಮನೆಯಲ್ಲಿ ಹುಚ್ಚಕ್ಕ, “ಏಮಾಯೆ?” ಎಂದಳು.

“ಒಳ್ಳೆ ಡ್ರೈವರ್ ಅಂದ್ರು.”

“ಮತ್ತೆ ಕೆಲಸ?”

“ಅದಕ್ಕೇ ಕೊಡ್ಲಿಲ್ಲ.”

ಹುಚ್ಚಕ್ಕ ಅವನ ಮುಖ ನೋಡಿ, ತಮಾಷೆಯಲ್ಲ ಎಂದು ತಿಳಿದ ಮೇಲೆ, ಆ ಕಂಪನಿಯನ್ನೂ ಅದರ ಡೈರೆಕ್ಟರನ್ನೂ ಕಾರನ್ನೂ ಎರಡೂ ಭಾಷೆಯಲ್ಲಿ ಬೈದಳು. ಬೋರಣ್ಣ ಕೈ ತೊಳೆದು ಉಣ್ಣಲು ಕೂತ. ಒಂದು ಹಂತದಲ್ಲಿ, “ಆ ಹುಡುಗೀನ ಬೈಬ್ಯಾಡ,” ಎಂದಷ್ಟೇ ಹೇಳಿದ.

ಕಾರುಗಳು ಬಂದವು. ಒಂದು ಬೆಳಿಗ್ಗೆ ಬೋರಣ್ಣ ಚಳ್ಳಕೆರೆ ಬಸ್ಸಿಗೆ ಕಾಯುತ್ತಾ ರಸ್ತೆಯ ಪಕ್ಕ ನಿಂತಿದ್ದ. ಬಿಳಿ ಅಂಬಾಸಿಡರೊಂದು ಭರ್ರನೆ ಬಂದು, ಅವನ ಕಾಲ ಬುಡದಲ್ಲೇ ಕಿರ್ರೆಂದು ನಿಂತಿತು. ಧೂಳು ಎದ್ದಿತು. ಲೋಹಿತ ತಲೆ ಹೊರಗೆ ಹಾಕಿದ.

“ಹತ್ತಣ್ಣಾ, ಖಾಲಿ ಹೋಗ್ತಾ ಇದೀನಿ.”

ಬೋರಣ್ಣ ಮುಂದಿನ ಬಾಗಿಲಿಗೆ ಕೈ ಹಾಕಿದ.

“ಮುಂದೆ ಬ್ಯಾಡ, ಹಿಂದೆ ಕೂರು.”

“ಯಾಕ್ಲಾ?”

ಲೋಹಿತ ಹಲ್ಲು ಕಿರಿದ. “ಮೇಡಂ ಆರ್ಡರ್ ಅಣ್ಣ. ನಿನ್ನನ್ನ ಪಕ್ಕದಾಗೆ ಕೂರಿಸ್ಕಬಾರದಂತೆ. ನಿನ್ನ ಮಾತು ಕೇಳ್ಕಂಡು ನಾನೂ ಕಲಿತುಬಿಡ್ತೀನಂತೆ.”

ಬೋರಣ್ಣ ಬಾಗಿಲಿನಿಂದ ಕೈ ತೆಗೆದ. ನಗು ಬಂತು, ಆದರೆ ಅರ್ಧಕ್ಕೇ ನಿಂತಿತು.

“ಹಂಗಾದ್ರೆ ಕಲೀಬ್ಯಾಡ ಲೇ,” ಎಂದ. “ಕಲಿತ್ರೆ ನೀನೂ ಬಂದು ಇಲ್ಲಿ ನಿಂತ್ಕಬೇಕಾಗ್ತೈತೆ. ಹೋಗು, ಬಸ್ಸು ಬರ್ತೈತೆ ನಂಗೆ.”